ಕಂಪನಿ ದಿವಾಳಿ, ಡೈರೆಕ್ಟರ್ ಖುಷಾಲಿ: ಬಾಕಿ ಪಗಾರ ಕೇಳಲು ಮುದ್ದತು ಎಷ್ಟು?

ಆಲಮೇಲ: ತಿಂಗಳು ದುಡಿದವನಿಗೆ ತಿಂಗಳ ಪಗಾರ ಕೊಡಬೇಕು. ಇದಕ್ಕೆ ಯಾವ ವಕೀಲನ ಸಾಕ್ಷಿಯೂ ಬೇಡ. ಆದರೆ ಕೊಡಬೇಕಾದ ಕಂಪನಿಯೇ ಬಾಗಿಲಿಗೆ ಬೀಗ ಜಡಿದು 'ದಿವಾಳಿ' ಎಂದು ಕೈ ಎತ್ತಿಬಿಟ್ಟರೆ? ಕಂಪನಿ ಮುಳುಗಿದ ಮಾತ್ರಕ್ಕೆ ಡೈರೆಕ್ಟರರ ಬಂಗಲೆ, ಕಾರು, ಹೊಲ, ಪ್ಲಾಟು ಮುಳುಗಿರುವುದಿಲ್ಲ. 'ಅವರ ಮನೀಗೇ ಹೋಗಿ ವಸೂಲ್ ಮಾಡ್ರಿ' ಎಂದು ಸಲಹೆ ಕೊಡುವವರು ಚಹಾದಂಗಡಿಗೆ ಹತ್ತು ಮಂದಿ. ಯಾರ ಹತ್ತಿರ, ಎಷ್ಟು ದಿನದೊಳಗೆ, ಯಾವ ಕಾಗದ ಹಿಡಿದು ಕೇಳಬೇಕು ಎಂದು ಬಲ್ಲವರು ಮಾತ್ರ ಬೆರಳೆಣಿಕೆಯಷ್ಟು.

ಆಲಮೇಲ ಈಗ ತಾಲ್ಲೂಕು ಕೇಂದ್ರ. ಸುತ್ತ ಕಬ್ಬಿನ ಹೊಲ, ಸಕ್ಕರೆ ಕಾರ್ಖಾನೆ. ಮಳೆ ಕೈ ಕೊಟ್ಟ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಹುಡುಗರು ಪುಣೆ, ಮುಂಬಯಿ, ಗೋವಾ, ಬೆಂಗಳೂರು ಎಂದು ಬಸ್ಸು ಹತ್ತುವುದು ಇಂದು ನಿನ್ನೆಯ ಮಾತಲ್ಲ. ಅಲ್ಲಿ ಪಗಾರ ನಿಂತರೆ ಇಲ್ಲಿ ಕಿರಾಣಿ ಅಂಗಡಿಯ ಉದ್ದರಿ ಖಾತೆ ಬೆಳೆಯುತ್ತದೆ, ಮನೆಯ ಬಾಡಿಗೆ ನಿಲ್ಲುತ್ತದೆ, ಸಾಲೀ ಫೀಸು ಹಿಂದೆ ಬೀಳುತ್ತದೆ. ಒಬ್ಬ ಕಾಮಗಾರನ ಪಗಾರ ಮುಳುಗಿದರೆ ಅವನೊಬ್ಬನೇ ಮುಳುಗುವುದಿಲ್ಲ. ಹಾಗಾಗಿ ಈ ವಿಷಯ ಕಾಮಗಾರನಿಗೆ ಎಷ್ಟೋ, ಉದ್ದರಿ ಕೊಟ್ಟ ಅಂಗಡಿಕಾರನಿಗೂ ಅಷ್ಟೇ.

ಪಗಾರ ಮುಳುಗಲು ಮಾಲಕನ ಮೋಸ ಒಂದು ಕಾರಣ. 'ಇವತ್ತಲ್ಲ ನಾಳೆ ಕೊಡ್ತಾರ, ಅಷ್ಟು ದೊಡ್ಡ ಕಂಪನಿ ಎಲ್ಲಿಗೆ ಹೋಗ್ತದ?' ಎಂದು ದಾರಿ ಕಾಯುತ್ತ ಕುಳಿತು ಕಾನೂನು ಕೊಟ್ಟ ಮುದ್ದತು ಮೀರಿಸಿಕೊಳ್ಳುವುದು ಇನ್ನೊಂದು ಕಾರಣ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಪೂರಾ ನಮ್ಮ ಕೈಯಲ್ಲೇ ಇದೆ.

ಹದಿಮೂರು ವರ್ಷ ಕಾದವರು

'ದೊಡ್ಡ ಕಂಪನಿ ಎಲ್ಲಿಗೆ ಹೋಗ್ತದ' ಎನ್ನುವವರು ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಕಂಪನಿಯ ಕಥೆ ಕೇಳಬೇಕು. 2005ರ ಮೇ ತಿಂಗಳಲ್ಲಿ ಹಾರಾಟ ಶುರು ಮಾಡಿದ ಈ ಕಂಪನಿಯ ಒಡೆಯ ವಿಜಯ್ ಮಲ್ಯ ಆಗ ರಾಜ್ಯಸಭೆಯ ಸದಸ್ಯ, ದೇಶದ ಹೆಸರಾಂತ ಶ್ರೀಮಂತ. 2012ರಲ್ಲಿ ನೌಕರರಿಗೆ ತಿಂಗಳುಗಟ್ಟಲೆ ಪಗಾರ ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಮಾನಗಳೂ ನಿಂತವು, ಲೈಸೆನ್ಸೂ ಅಮಾನತಾಯಿತು. ಪೈಲಟ್‌ನಿಂದ ಹಿಡಿದು ಸಾಮಾನು ಹೊರುವವನವರೆಗೆ ಎಲ್ಲರೂ ಬೀದಿಗೆ ಬಂದರು.

2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟರು. 2016ರ ನವೆಂಬರ್ 18ರಂದು ಕರ್ನಾಟಕ ಹೈಕೋರ್ಟು ಕಂಪನಿಯನ್ನು ಮುಚ್ಚಿ ಲೆಕ್ಕ ತೀರಿಸುವಂತೆ ಆಜ್ಞೆ ಮಾಡಿತು. ಆಸ್ತಿಯೆಲ್ಲ ಅಫೀಶಿಯಲ್ ಲಿಕ್ವಿಡೇಟರ್ ಎಂಬ ಅಧಿಕಾರಿಯ ವಶಕ್ಕೆ. ಇದ್ದದ್ದನ್ನು ಮಾರಿ ಕಾನೂನಿನ ಸರದಿಯಂತೆ ಹಂಚುವುದು ಇವರ ಕೆಲಸ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಂಗ ನಿಂದನೆಗಾಗಿ ಮಲ್ಯರಿಗೆ 4 ತಿಂಗಳ ಸಜೆ, 2,000 ರೂಪಾಯಿ ದಂಡ ವಿಧಿಸಿತು. ಅದರಿಂದ ನೌಕರನ ಕಿಸೆಗೆ ಬಿಡಿಗಾಸೂ ಬರಲಿಲ್ಲ.

ಕಾಸು ಕಂಡದ್ದು 2025ರ ಡಿಸೆಂಬರಿನಲ್ಲಿ. ಜಾರಿ ನಿರ್ದೇಶನಾಲಯ ಜಪ್ತು ಮಾಡಿದ್ದ ಷೇರುಗಳನ್ನು ಮಾರಿ ಬಂದಿದ್ದ ಹಣದಲ್ಲಿ ಸುಮಾರು 312 ಕೋಟಿ ರೂಪಾಯಿಯನ್ನು ಹಳೆಯ ನೌಕರರ ಬಾಕಿಗೆಂದು ಲಿಕ್ವಿಡೇಟರ್‌ಗೆ ಒಪ್ಪಿಸಲು ಚೆನ್ನೈನ ಸಾಲ ವಸೂಲಾತಿ ನ್ಯಾಯಮಂಡಳಿಯಿಂದ ಆಜ್ಞೆಯಾಯಿತು. ವಿಮಾನ ನಿಂತು 13 ವರ್ಷದ ಮೇಲೆ! ಆಗ ಮೂವತ್ತರ ಹರೆಯದವರಿಗೆ ಈಗ ತಲೆ ನರೆತಿದೆ.

ಈ ಕಥೆಯಲ್ಲಿ ನಮ್ಮವರು ಕಲಿಯಬೇಕಾದದ್ದು ಒಂದಿದೆ. ಲಿಕ್ವಿಡೇಟರ್ ಹಣ ಹಂಚುವುದು ತನ್ನ ಪಟ್ಟಿ ನೋಡಿ. ಬಾಕಿ ಇದೆ ಎಂದು ಕ್ಲೇಮು ಬರೆದು ಕೊಟ್ಟು, ಅದು ಮಂಜೂರಾದವನ ಹೆಸರು ಪಟ್ಟಿಯಲ್ಲಿರುತ್ತದೆ. ಹಣ ಬರಲು ಎಷ್ಟು ವರ್ಷವಾದರೂ ಆಗಲಿ, ಹೆಸರು ಹಚ್ಚುವ ಕೆಲಸ ಮಾತ್ರ ಮೊದಲ ದಿನಗಳಲ್ಲೇ ಆಗಬೇಕು.

ಮೊದಲು ಬೋರ್ಡು ಓದಿ

ಎಲ್ಲ ಕಂಪನಿಯೂ ಕಾನೂನಿನ ಕಣ್ಣಿಗೆ ಕಂಪನಿ ಅಲ್ಲ. 'ಅಂಡ್ ಕಂಪನಿ', 'ಅಂಡ್ ಸನ್ಸ್' ಎಂದು ಬೋರ್ಡು ಹಾಕಿದ ಬಹಳಷ್ಟು ಅಂಗಡಿ, ಗಿರಣಿಗಳು ಒಬ್ಬ ಸಾಹುಕಾರನ ಸ್ವಂತ ವ್ಯವಹಾರ, ಇಲ್ಲವೇ ಪಾಲುದಾರಿಕೆ. ಅಲ್ಲಿ ವ್ಯವಹಾರದ ಬಾಕಿಯೆಂದರೆ ಸಾಹುಕಾರನ ಬಾಕಿ. ಅವನ ಹೊಲ, ಮನೆಯವರೆಗೂ ವಸೂಲಿ ಹೋಗಬಹುದು. ಪಾಲುದಾರರಿದ್ದರೆ ಒಬ್ಬೊಬ್ಬನೂ ಪೂರ್ತಿ ಬಾಕಿಗೆ ಹೊಣೆ.

ಹೆಸರಿನ ಕೊನೆಗೆ 'ಲಿಮಿಟೆಡ್' ಎಂದಿದ್ದರೆ ಮಾತು ಬೇರೆ. 1896ರಲ್ಲಿ ಇಂಗ್ಲೆಂಡಿನಲ್ಲಿ ಸಾಲೊಮನ್ ಎಂಬ ಬೂಟಿನ ವ್ಯಾಪಾರಿಯ ಖಟ್ಲೆಯಲ್ಲಿ ಒಂದು ತೀರ್ಪಾಯಿತು. ಕಂಪನಿಯೇ ಒಬ್ಬ ಬೇರೆ ವ್ಯಕ್ತಿ, ಅದರ ಸಾಲ ಅದಕ್ಕೇ ಸೇರಿದ್ದು, ನಡೆಸುವವನಿಗೆ ಅಂಟುವುದಿಲ್ಲ ಎಂದು. ಆ ತತ್ವ ಇಂದಿಗೂ ನಮ್ಮ ಕಂಪನಿ ಕಾಯ್ದೆಯ ಬುನಾದಿ. 'ಉಂಡೂ ಹೋದ, ಕೊಂಡೂ ಹೋದ' ಎಂದು ಡೈರೆಕ್ಟರನನ್ನು ಬೈಯಬಹುದು. ಆದರೆ ಬೈದ ಮಾತ್ರಕ್ಕೆ ಅವನ ಕಿಸೆಗೆ ಕೈ ಹಾಕಲಾಗುವುದಿಲ್ಲ.

ಸಹಕಾರಿ ಸಕ್ಕರೆ ಕಾರ್ಖಾನೆ, ಸಹಕಾರಿ ಗಿರಣಿಗಳದ್ದು ಮತ್ತೊಂದು ದಾರಿ. ಅವು ಸಹಕಾರ ಸಂಘಗಳ ಕಾಯ್ದೆಗೆ ಒಳಪಟ್ಟವು. ಅಲ್ಲಿ ಲಿಕ್ವಿಡೇಟರನ್ನು ನೇಮಿಸುವುದು ಸಹಕಾರ ಇಲಾಖೆ.

ಬಾಗಿಲು ತೆರೆದಿದ್ದಾಗಲೇ ಕೇಳಿದರೆ

1936ರ ಪಗಾರ ಪಾವತಿ ಕಾಯ್ದೆಯಲ್ಲಿ ಬಾಕಿ ಪಗಾರದ ಅರ್ಜಿಗೆ ಇದ್ದ ಮುದ್ದತು 12 ತಿಂಗಳು. ಕನಿಷ್ಠ ವೇತನ ಕಾಯ್ದೆಯಲ್ಲಿ ಬರೀ 6 ತಿಂಗಳು. ಸರಿಯಾದ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರವಿತ್ತಾದರೂ ಈ ಮುದ್ದತಿನಲ್ಲಿ ಕೈ ತಪ್ಪಿದ ಬಾಕಿ ಎಷ್ಟೋ! 2025ರ ನವೆಂಬರ್ 21ರಿಂದ ದೇಶದಲ್ಲಿ ವೇತನ ಸಂಹಿತೆ ಜಾರಿಗೆ ಬಂತು. ಆ ಎರಡೂ ಹಳೆಯ ಕಾಯ್ದೆಗಳು ಹೋದವು. ಸಂಹಿತೆಯ 45ನೇ ಕಲಮಿನಂತೆ ಈಗ ಮುದ್ದತು 3 ವರ್ಷ. ಅರ್ಜಿಯನ್ನು ಕಾಮಗಾರನೇ ಕೊಡಬಹುದು, ಯೂನಿಯನ್ ಕೊಡಬಹುದು, ಇನ್‌ಸ್ಪೆಕ್ಟರೂ ಕೊಡಬಹುದು. ಬಾಕಿಯ ಮೇಲೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಿಗೆ ಇದೆ. ಆಜ್ಞೆಯಾದ ಮೇಲೂ ಮಾಲಕ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು.

ಮೂರು ವರ್ಷ ಎಂದರೆ ಎಲ್ಲಿಂದ ಎಣಿಸಬೇಕು? ಇಲ್ಲಿಯೇ ಬಹಳ ಮಂದಿ ತಪ್ಪುವುದು. ಕೆಲಸ ಬಿಟ್ಟ ದಿನದಿಂದಲ್ಲ, ಕಂಪನಿ ಮುಚ್ಚಿದ ದಿನದಿಂದಲೂ ಅಲ್ಲ. ಪ್ರತಿ ತಿಂಗಳ ಪಗಾರಕ್ಕೂ ಬೇರೆ ಬೇರೆ ಲೆಕ್ಕ. ಉದಾಹರಣೆಗೆ 2026ರ ಜನವರಿಯ ಪಗಾರ ಫೆಬ್ರುವರಿ 7ರೊಳಗೆ ಕೈಗೆ ಬರಬೇಕು. ಬರಲಿಲ್ಲವೆಂದರೆ ಗಡಿಯಾರ ಅಂದೇ ಶುರು. 2029ರ ಫೆಬ್ರುವರಿಗೆ ಆ ತಿಂಗಳದ್ದು ಮುಗಿಯಿತು. ಮಾರ್ಚ್ ಮೊದಲ ವಾರದಲ್ಲಿ ಅರ್ಜಿ ಕೊಟ್ಟವನಿಗೆ ಜನವರಿಯದು ಹೋದಂತೆ, ಫೆಬ್ರುವರಿಯದಿನ್ನೂ ಉಂಟು. ಹೀಗೆ ತಿಂಗಳಿಗೊಂದು ಕಂತು ಕೈ ಬಿಡುತ್ತ ಹೋಗುತ್ತದೆ. ಕೆಲಸದಿಂದ ತೆಗೆದರೆ ಅಥವಾ ತಾನೇ ಬಿಟ್ಟರೆ ಎರಡು ಕೆಲಸದ ದಿನದೊಳಗೆ ಪೂರ್ತಿ ಲೆಕ್ಕ ಚುಕ್ತಾ ಆಗಬೇಕು ಎಂದೂ ಸಂಹಿತೆ ಹೇಳುತ್ತದೆ.

2025ರ ನವೆಂಬರಿಗಿಂತ ಹಿಂದಿನ ಬಾಕಿ ಇದ್ದವರು ಮೂರು ವರ್ಷದ ಭರವಸೆಯ ಮೇಲೆ ನಿದ್ದೆ ಮಾಡುವುದು ಬೇಡ. 12 ತಿಂಗಳೇ ಮುದ್ದತು ಎಂದು ತಿಳಿದು ಇಂದೇ ಕಾರ್ಮಿಕ ಅಧಿಕಾರಿಯನ್ನು ಕಾಣುವುದು ಜಾಣತನ.

ಸಿವಿಲ್ ಕೋರ್ಟಿನಲ್ಲಿ ಪಗಾರದ ದಾವಾ ಹಾಕಲೂ 1963ರ ಕಾಲಮಿತಿ ಕಾಯ್ದೆಯಲ್ಲಿ 3 ವರ್ಷವೇ. ಅಲ್ಲಿ ಒಂದು ಉಪಯೋಗದ ಮಾತಿದೆ. ಮುದ್ದತು ಮುಗಿಯುವುದರೊಳಗೆ ಮಾಲಕ 'ಇಷ್ಟು ಬಾಕಿ ಇರುವುದು ನಿಜ' ಎಂದು ಬರೆದು ಸಹಿ ಮಾಡಿದರೆ ಆ ದಿನದಿಂದ ಹೊಸ ಮೂರು ವರ್ಷ ಶುರು. ಬಾಯಿ ಮಾತಿಗೆ ಈ ಬಲವಿಲ್ಲ. 'ಕೊಡ್ತೀನಿ ಹೋಗೋ ತಮ್ಮಾ' ಎಂದು ನೂರು ಸಲ ಹೇಳಿದ್ದೂ ಲೆಕ್ಕಕ್ಕಿಲ್ಲ. ಸಹಿ ಬಿದ್ದ ಒಂದು ಚೀಟಿ ಲೆಕ್ಕಕ್ಕುಂಟು.

ದಿವಾಳಿಯಾದ ಮೇಲೆ ಗಡಿಯಾರವೇ ಬೇರೆ

2016ರ ದಿವಾಳಿ ಸಂಹಿತೆ ಬಂದ ಮೇಲೆ ಇಂಥ ಖಟ್ಲೆಗಳು ಹೋಗುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ. ಕರ್ನಾಟಕದ ಕಂಪನಿಗಳಿಗೆ ಅದರ ಪೀಠ ಬೆಂಗಳೂರಿನಲ್ಲಿದೆ. ಅರ್ಜಿಯನ್ನು ನ್ಯಾಯಮಂಡಳಿ ಅಂಗೀಕರಿಸಿದ ಕೂಡಲೇ ಕಂಪನಿಯ ಮೇಲಿನ ಎಲ್ಲ ದಾವಾ, ವಸೂಲಿಗೆ ತಡೆ ಬೀಳುತ್ತದೆ. ತಡೆ ಇದ್ದಷ್ಟು ದಿನವನ್ನು ಮುದ್ದತಿನ ಎಣಿಕೆಯಿಂದ ಬಿಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಷ್ಟರಮಟ್ಟಿಗೆ ಸಮಾಧಾನ.

ಆದರೆ ಈ ಹೊತ್ತಿಗೆ ಇನ್ನೊಂದು ಗಡುವು ಓಡಲು ಶುರುವಾಗಿರುತ್ತದೆ, ಅದು ದಿನಗಳ ಲೆಕ್ಕದ್ದು. ಕಂಪನಿಯ ಆಡಳಿತ ವಹಿಸಿಕೊಂಡ ಅಧಿಕಾರಿ ಪತ್ರಿಕೆಯಲ್ಲಿ ನೋಟೀಸು ಕೊಟ್ಟು ಬಾಕಿದಾರರನ್ನು ಕರೆಯುತ್ತಾನೆ. ಅವನ ನೇಮಕವಾದ 14 ದಿನದೊಳಗೆ ಕ್ಲೇಮು ಕೊಡಬೇಕು. ತಪ್ಪಿದರೆ 90 ದಿನದವರೆಗೆ, ಕೆಲವೊಮ್ಮೆ ಮುಂದೆಯೂ ಅವಕಾಶ ಉಂಟು, ಕಾರಣ ಹೇಳಬೇಕು. ಕಾಮಗಾರನಿಗೆ 'ನಮೂನೆ ಡಿ', ಎಲ್ಲರ ಪರವಾಗಿ ಒಬ್ಬನೇ ಕೊಡುವುದಾದರೆ 'ನಮೂನೆ ಇ'. ಕಂಪನಿ ಉಳಿಯದೆ ಹರಾಜಿಗೆ ಬಂದರೆ ಆಗ ಲಿಕ್ವಿಡೇಟರ್ ಮತ್ತೆ ಕರೆಯುತ್ತಾನೆ, ಅಲ್ಲಿ 30 ದಿನ.

ನೋಟೀಸು ಬರುವುದು ಎಲ್ಲಿ? ಕಂಪನಿಯ ಕಚೇರಿ ಇರುವ ಊರಿನ ಕಡೆ ಓಡುವ ಒಂದು ಇಂಗ್ಲಿಷ್ ಪತ್ರಿಕೆ, ಒಂದು ಆ ಕಡೆಯ ಭಾಷೆಯ ಪತ್ರಿಕೆ. ಕಂಪನಿ ಪುಣೆಯದಾದರೆ ನೋಟೀಸು ಮರಾಠಿ ಪತ್ರಿಕೆಯಲ್ಲಿ. ಕೆಲಸ ಹೋಗಿ ಊರಿಗೆ ಮರಳಿ ಆಲಮೇಲದ ಬಸ್ ನಿಲ್ದಾಣದಲ್ಲಿ ಕುಳಿತವನ ಕಣ್ಣಿಗೆ ಅದು ಬೀಳುವುದು ಹೇಗೆ? ಅವನಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಕೋಟೆ ಸೂರೆ ಹೋಗಿ ದಿಡ್ಡಿ ಬಾಗಿಲು ಹಾಕಿ ಆಗಿರುತ್ತದೆ. ಅಲ್ಲಿಯೇ ಉಳಿದ ಜೊತೆಗಾರರ ಫೋನ್ ನಂಬರು ಇಟ್ಟುಕೊಳ್ಳುವುದು ಇದಕ್ಕಾಗಿ.

ಹಂಚಿಕೆಯ ಸರದಿಯಲ್ಲಿ ಕಾಮಗಾರನಿಗೆ ಕಾನೂನು ಒಳ್ಳೆಯ ಜಾಗವನ್ನೇ ಕೊಟ್ಟಿದೆ. ದಿವಾಳಿ ಪ್ರಕ್ರಿಯೆಯ ಖರ್ಚು ಕಳೆದ ಮೇಲೆ, ಅಡವು ಹಿಡಿದ ಬ್ಯಾಂಕಿನ ಸರಿಸಮಕ್ಕೆ, ಹರಾಜು ಆಜ್ಞೆಯ ಹಿಂದಿನ 24 ತಿಂಗಳ ಕಾಮಗಾರರ ಬಾಕಿ ಬರುತ್ತದೆ. ಮ್ಯಾನೇಜರ್ ಮೊದಲಾದ ಇತರ ನೌಕರರಿಗೆ ಅದರ ಕೆಳಗಿನ ಮೆಟ್ಟಿಲು, ಅದೂ 12 ತಿಂಗಳಿನದು. ಸರಕಾರದ ತೆರಿಗೆ ಇದಕ್ಕೂ ಕೆಳಗೆ.

ಇಲ್ಲೊಂದು ಸೂಕ್ಷ್ಮವಿದೆ. 24 ತಿಂಗಳನ್ನು ಎಣಿಸುವುದು ಹರಾಜು ಆಜ್ಞೆಯ ದಿನದಿಂದ ಹಿಂದಕ್ಕೆ. ಕಾರ್ಖಾನೆಗೆ ಬೀಗ ಬಿದ್ದ ದಿನದಿಂದ ಅಲ್ಲ. ಬೀಗ ಬಿದ್ದು ವರ್ಷಗಳು ಉರುಳಿದಷ್ಟೂ ಹಳೆಯ ಬಾಕಿ ಆ ಚೌಕಟ್ಟಿನಿಂದ ಹೊರಗೆ ಬಿದ್ದು ಕೆಳಗಿನ ಸಾಲಿಗೆ ಜಾರುತ್ತದೆ. ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್‌ನಲ್ಲಿ. ಅದನ್ನು ಹರಾಜಿಗೆ ಹಾಕಿರೆಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ನವೆಂಬರ್ 7ರಂದು. ನಡುವೆ ಐದೂವರೆ ವರ್ಷ! ಕಾಮಗಾರರು ಎಲ್ಲರೂ ಕೂಡಿ ಬೇಗ ಬಾಗಿಲು ಬಡಿಯಬೇಕು ಎನ್ನುವುದು ಇದಕ್ಕೇ. ಆದರೆ ಪಗಾರ ಬಾಕಿಯ ಮೇಲೆ ದಿವಾಳಿ ಅರ್ಜಿ ಹಾಕಲು 2020ರ ಮಾರ್ಚ್‌ನಿಂದ ಕನಿಷ್ಠ 1 ಕೋಟಿ ರೂಪಾಯಿಯ ಬಾಕಿ ಇರಬೇಕು. ಒಬ್ಬನಿಂದ ಆಗದ ಮಾತು. ಎಲ್ಲರ ಪರವಾಗಿ ಯೂನಿಯನ್ ಅರ್ಜಿ ಹಾಕಬಹುದೆಂದು ಸುಪ್ರೀಂ ಕೋರ್ಟು 2019ರಲ್ಲಿ ಕಾನಪುರದ ಜೆ.ಕೆ. ಜೂಟ್ ಮಿಲ್ ಖಟ್ಲೆಯಲ್ಲಿ ತೀರ್ಪು ಕೊಟ್ಟಿದೆ.

ಪ್ರಾವಿಡೆಂಟ್ ಫಂಡ್, ಪೆನ್ಶನ್ ಫಂಡ್, ಗ್ರಾಚ್ಯುಟಿ ಫಂಡಿನ ಹಣ ಲಿಕ್ವಿಡೇಟರನ ಗಂಟಿಗೆ ಸೇರುವುದೇ ಇಲ್ಲ. ಅದು ಕಾಮಗಾರನದೇ. ಅದನ್ನು ಪಗಾರದ ಲೆಕ್ಕದಲ್ಲಿ ಕಲಸದೆ ಬೇರೆಯೇ ಕೇಳಬೇಕು.

ಡೈರೆಕ್ಟರನ ಕಿಸೆಗೆ ದಾರಿ ಯಾವುದು?

ಕೆನಡಾ ದೇಶದ ಕೇಂದ್ರ ಕಂಪನಿ ಕಾಯ್ದೆಯಲ್ಲಿ ಒಂದು ನಿಯಮವಿದೆ. ಕಂಪನಿ ಕೊಡದಿದ್ದರೆ ಆರು ತಿಂಗಳವರೆಗಿನ ಪಗಾರಕ್ಕೆ ಡೈರೆಕ್ಟರರೇ ಸ್ವಂತ ಹೊಣೆ. ಆದರೆ ಅಲ್ಲಿಯೂ ಗಡುವು ಬಿಗಿ. ಬಾಕಿಯಾದ 6 ತಿಂಗಳೊಳಗೆ ಕಂಪನಿಯ ಮೇಲೆ ದಾವಾ ಹಾಕಿರಬೇಕು, ಅಥವಾ ದಿವಾಳಿಯಾದ 6 ತಿಂಗಳೊಳಗೆ ಕ್ಲೇಮು ಸಾಬೀತಾಗಿರಬೇಕು. ಡೈರೆಕ್ಟರ್ ಹುದ್ದೆ ಬಿಟ್ಟ 2 ವರ್ಷದೊಳಗೆ ಅವನ ಮೇಲೆ ದಾವಾ ಬೀಳಬೇಕು.

ನಮ್ಮಲ್ಲಿ ಇಂಥ ನೇರ ನಿಯಮವಿಲ್ಲ. ಇರುವುದು ನಾಲ್ಕು ಕಿರುದಾರಿಗಳು.

ಒಂದು, ಮೋಸ. ಬಾಕಿದಾರರಿಗೆ ಟೋಪಿ ಹಾಕಲೆಂದೇ ವ್ಯವಹಾರ ನಡೆಸಿದ್ದು ಸಾಬೀತಾದರೆ ಡೈರೆಕ್ಟರ್ ಸ್ವಂತ ಹಣದಿಂದ ತುಂಬಿಕೊಡುವಂತೆ ನ್ಯಾಯಮಂಡಳಿ ಆಜ್ಞೆ ಮಾಡಬಹುದು. ದಿವಾಳಿ ಸಂಹಿತೆಯಲ್ಲಿ ಇದು 66ನೇ ಕಲಂ, 2013ರ ಕಂಪನಿ ಕಾಯ್ದೆಯಲ್ಲಿ 339ನೇ ಕಲಂ.

ಎರಡು, ಕಂಪನಿಯ ಹಣ ನುಂಗಿದ್ದು. ಕಂಪನಿ ಕಾಯ್ದೆಯಡಿ ಮುಚ್ಚಿದ ಕಂಪನಿಯಲ್ಲಿ ಡೈರೆಕ್ಟರ್ ಹಣ, ಆಸ್ತಿ ದುರುಪಯೋಗ ಮಾಡಿದ್ದರೆ 340ನೇ ಕಲಮಿನಂತೆ ಅದನ್ನು ಮರಳಿಸಲು ಅರ್ಜಿ ಕೊಡಬಹುದು. ಬಾಕಿದಾರನೂ ಕೊಡಬಹುದು. ಇದರ ಮುದ್ದತು 5 ವರ್ಷ. ಮುಚ್ಚುವ ಆಜ್ಞೆ, ಲಿಕ್ವಿಡೇಟರನ ಮೊದಲ ನೇಮಕ, ದುರುಪಯೋಗ, ಈ ಮೂರರಲ್ಲಿ ಯಾವುದರಿಂದ ಎಣಿಸಿದರೆ ಹೆಚ್ಚು ದಿನ ಸಿಗುತ್ತದೋ ಅದು. ಮರಳಿದ ಹಣ ಕಂಪನಿಯ ಗಂಟಿಗೆ ಸೇರಿ, ಅಲ್ಲಿಂದ ಸರದಿಯಂತೆ ಹಂಚಿಕೆಯಾಗುತ್ತದೆ.

ಮೂರು, ಚೆಕ್ಕು. ಪಗಾರವೆಂದು ಕೊಟ್ಟ ಚೆಕ್ಕು ಬೌನ್ಸಾದರೆ ಸಹಿ ಮಾಡಿದ ಡೈರೆಕ್ಟರ್ ತಾನೇ ಕಟಕಟೆ ಹತ್ತಬೇಕು. ಬೌನ್ಸಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟೀಸು, ನೋಟೀಸು ಮುಟ್ಟಿದ ಮೇಲೆ ಕೊಡಲು ಅವನಿಗೆ 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ಫಿರ್ಯಾದಿ. ದಿವಾಳಿಯ ತಡೆಯಾಜ್ಞೆ ಚೆಕ್ಕಿನ ಖಟ್ಲೆಯಲ್ಲಿ ಕಂಪನಿಯನ್ನು ಕಾಯುತ್ತದೆಯೇ ಹೊರತು ಡೈರೆಕ್ಟರನನ್ನು ಕಾಯುವುದಿಲ್ಲ ಎಂದು ಸುಪ್ರೀಂ ಕೋರ್ಟು 2021ರ ಮಾರ್ಚ್ 1ರಂದು ಖಡಾಖಂಡಿತ ಹೇಳಿದೆ. ಬೌನ್ಸಾದ ಚೆಕ್ಕನ್ನು ಹರಿದು ಎಸೆಯುವವರು ಇದನ್ನು ಎರಡು ಸಲ ಓದಬೇಕು.

ನಾಲ್ಕು, ದಂಡ. ಪಗಾರ ಕೊಡದ ಕಂಪನಿಯನ್ನು ಆ ಹೊತ್ತಿನಲ್ಲಿ ನಡೆಸುತ್ತಿದ್ದವನೂ ಅಪರಾಧಿ. ವೇತನ ಸಂಹಿತೆಯಲ್ಲಿ ಮೊದಲ ಸಲ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಸಜೆ, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ.

ಕಂತ್ರಾಟುದಾರನ ಕೈಕೆಳಗೆ ದುಡಿದವರಿಗೆ ಮತ್ತೊಂದು ಆಧಾರ ಉಂಟು. ಕಂತ್ರಾಟುದಾರ ಪಗಾರ ಕೊಡದೆ ಓಡಿದರೆ ಕೆಲಸ ಮಾಡಿಸಿಕೊಂಡ ದೊಡ್ಡ ಕಂಪನಿಯೇ ಕೊಡಬೇಕು. 1970ರ ಕಂತ್ರಾಟು ಕಾರ್ಮಿಕ ಕಾಯ್ದೆಯಲ್ಲಿದ್ದ ಈ ಹೊಣೆ ಹೊಸ ಸಂಹಿತೆಯಲ್ಲೂ ಉಳಿದಿದೆ.

ಕಾಗದವೇ ಕೈದೀಪ

ಮೊದಲ ತಿಂಗಳು ಪಗಾರ ತಪ್ಪಿದಾಗಲೇ ಮಾಡಬೇಕಾದ ಕೆಲಸ ಇಷ್ಟು. ಪಗಾರ ಚೀಟಿ, ಹಾಜರಿ ಕಾರ್ಡು, ಗೇಟ್ ಪಾಸು, ಬ್ಯಾಂಕ್ ಪಾಸ್‌ಬುಕ್ಕು ಒಂದು ಚೀಲದಲ್ಲಿ ಇಡಬೇಕು. ಪಗಾರ ಚೀಟಿ ಕೊಡುವುದು ಈಗ ಪ್ರತಿ ಮಾಲಕನ ಕರ್ತವ್ಯ. ಯಾವ ತಿಂಗಳದು ಎಷ್ಟು ಬಾಕಿ ಎಂದು ಬರೆದು ರಿಜಿಸ್ಟರ್ ಟಪಾಲಿನಲ್ಲಿ ಕಂಪನಿಗೆ ಕಳಿಸಿ ರಸೀದಿ ಕಾಯ್ದಿಡಬೇಕು. 'ಕೊಟ್ಟಿದ್ದೇನೆ' ಎಂದು ಮಾಲಕ ವಾದಿಸಿದರೆ ಅದನ್ನು ಸಾಬೀತು ಮಾಡುವ ಭಾರ ಮಾಲಕನ ಮೇಲೆಯೇ ಎಂದು ಸಂಹಿತೆಯ 59ನೇ ಕಲಂ ಹೇಳುತ್ತದೆ. ಆದರೆ ದುಡಿದದ್ದಕ್ಕೆ ಒಂದು ಚೂರು ಕಾಗದವಾದರೂ ಕಾಮಗಾರನ ಕೈಯಲ್ಲಿ ಇರಲಿ.

ವಕೀಲರ ಫೀಸಿನ ಹೆದರಿಕೆ ಬೇಡ. 1987ರ ಕಾನೂನು ಸೇವಾ ಕಾಯ್ದೆಯಂತೆ ಕಾರ್ಖಾನೆಯ ಕಾಮಗಾರರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರು ಪುಕ್ಕಟೆ. ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು.

ಇನ್ನು ಇಲಾಖೆಯವರಿಗೆ ಒಂದು ಮಾತು. ದುಡಿಯಲು ಊರು ಬಿಟ್ಟು ಹೋಗುವ ಮಂದಿಯ ಜಿಲ್ಲೆ ಇದು. ಪಗಾರ ಮುಳುಗಿಸಿಕೊಂಡು ಮರಳಿದವನು ಒಂದು ಅರ್ಜಿಗಾಗಿ ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹೊಂದಿಸಿ ಸಿಂದಗಿ, ವಿಜಯಪುರ ಸುತ್ತಬೇಕು. ಸುತ್ತಲಾಗದೆ ಕೈಚೆಲ್ಲಿದರೆ ಮುದ್ದತು ಅವನಿಗಾಗಿ ನಿಲ್ಲುವುದಿಲ್ಲ. ತಿಂಗಳಿಗೊಂದು ದಿನ, ಸಂತೆಯ ದಿನವೇ ಆದರೂ ಸರಿ, ಕಾರ್ಮಿಕ ಅಧಿಕಾರಿಗಳು ಆಲಮೇಲದಲ್ಲಿ ಕುಳಿತು ಅರ್ಜಿ ತೆಗೆದುಕೊಂಡರೆ ಎಷ್ಟೋ ಮನೆಯ ಒಲೆ ಉರಿದೀತು, ಎಷ್ಟೋ ಅಂಗಡಿಯ ಉದ್ದರಿ ತೀರೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?